ಫ್ಲಾರೆನ್ಸಿನಿಂದ ತಂದ ಮರದ ಹಲ್ಲು

ಇಟಲಿಗೆ ಹೋಗಿ ಬಂದ ಕಥೆಯನ್ನು ನಾನು ನಮ್ಮೂರಿನಲ್ಲಿ ನೂರು ಸಲವಾದರೂ ಹೇಳಿದ್ದೇನೆ. ಮದುವೆಯ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಸಂಜೆ ನಾವು ನಾಲ್ಕು ಮಂದಿ ಮುದುಕರು ಕೂಡುವ ಕಟ್ಟೆಯಲ್ಲಿ ಯಾರಾದರೂ ‘ಆ ರೊಟ್ಟಿ ಕಥಿ ಹೇಳ್ರಿ’ ಅಂದರೆ ಸಾಕು, ಶುರು ಮಾಡುತ್ತೇನೆ. ಮಂದಿ ನಗುತ್ತಾರೆ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಅದರ ಮುಂದಿನದನ್ನು ಹೇಳುವುದನ್ನು ಹದಿನೈದು ವರ್ಷ ಮುಂದೆ ಹಾಕುತ್ತ ಬಂದೆ. ಮೊದಲು ನೌಕರಿಯ ನೆಪ ಇತ್ತು. ಆಮೇಲೆ ಮನೆಯವಳು ಕೇಳಿಸಿಕೊಂಡಾಳು ಎಂಬ ನೆಪ. ಈಗ ನೌಕರಿಯೂ ಇಲ್ಲ, ಆಕೆಯೂ ಇಲ್ಲ.

ನಮ್ಮ ವಾಚನಾಲಯದ ಗೆಳೆಯರು ಊರವರ ಬರಹಗಳ ಒಂದು ಪುಸ್ತಕ ತರುತ್ತಿದ್ದಾರೆ. ‘ಪರದೇಶಕ್ಕೆ ಹೋಗಿ ಬಂದವರು ನೀವು, ಪ್ರವಾಸದ ಭಾಗ ನಿಮ್ಮದು’ ಎಂದು ನನ್ನ ಹೆಸರು ಬರೆದುಕೊಂಡು ಹೋದರು. ನಾನು ಮ್ಯಾಟ್ರಿಕ್ ಓದಿದವನು, ಬರವಣಿಗೆ ಎಂದರೆ ಆಫೀಸಿನ ಪತ್ರಗಳಷ್ಟೇ. ರೊಟ್ಟಿಯ ಕಥೆ ಬೇಕೆಂದು ಅವರು ಕೇಳಿದ್ದು. ಅದನ್ನೂ ಬರೆಯುತ್ತೇನೆ.

ಬೈಲಹೊಂಗಲ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತೊಗಲಿನ ಕೆಲಸಗಾರರ ಒಂದು ಸಹಕಾರಿ ಸಂಘಕ್ಕೆ ನಾನು ಸೆಕ್ರೆಟರಿಯಾಗಿದ್ದೆ. ಆ ಸಂಘ ಈಗ ಮುಚ್ಚಿ ಹೋಗಿದೆ. ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಹಳ್ಳಿಗಳ ಕೆಲಸಗಾರರು ಮನೆಯಲ್ಲೇ ಚಪ್ಪಲಿ ಮಾಡಿ ತರುತ್ತಿದ್ದರು. ಮಾಲು ನೋಡಿ ಪಾಸು ಮಾಡುವುದು, ಹೊರಗೆ ಕಳಿಸುವುದು ನನ್ನ ಕೆಲಸ.

ನಮ್ಮದು ಲಿಂಗ ಕಟ್ಟಿದ ವ್ಯಾಪಾರಸ್ಥರ ಮನೆತನ. ನಾನು ಈ ನೌಕರಿ ಹಿಡಿದಾಗ ಅವ್ವ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಹಿತ್ತಲ ಗೋಡೆಗೆ ಒಂದು ಗೂಟ ಹೊಡೆಸಿದಳು. ಸಂಜೆ ಆಫೀಸಿನಿಂದ ಬಂದವನು ಅಂಗಿ, ಪ್ಯಾಂಟು ಆ ಗೂಟಕ್ಕೆ ಸಿಗಿಸಿ, ಮೈ ತೊಳೆದುಕೊಂಡು ಒಳಗೆ ಬರಬೇಕು. ಅವ್ವ ಹೋದ ಮೇಲೂ ಗೂಟ ಉಳಿಯಿತು. ಕೆಲಸಗಾರರ ಕೇರಿಗೆ ಹೋದಾಗ ನನಗೆ ಹೊರಗೆ ಕುರ್ಚಿ ಹಾಕುತ್ತಿದ್ದರು. ನಾನು ನೀರು ಕೇಳುತ್ತಿರಲಿಲ್ಲ, ಅವರೂ ಕೊಡಲು ಬರುತ್ತಿರಲಿಲ್ಲ. ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಹೋಗಿ, ತನ್ನ ತೊಡೆಯ ಚರ್ಮದಿಂದ ಗುರುವಿಗೆ ಪಾದರಕ್ಷೆ ಹೊಲಿದ ಶರಣನ ಕಥೆ ಬಂದಾಗ ಎಲ್ಲರಂತೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಮರುದಿನ ಸಂಜೆ ಅದೇ ಗೂಟಕ್ಕೆ ಅಂಗಿ ಸಿಗಿಸುತ್ತಿದ್ದೆ.

ಸಿರಸಂಗಿ ಕಡೆಯಿಂದ ಯಮನಪ್ಪ ಎಂಬ ಕೆಲಸಗಾರ ಬರುತ್ತಿದ್ದ. ಜೊತೆಗೆ ಅವನ ಹೆಂಡತಿ. ಸಂಘದ ಸದಸ್ಯತ್ವ ಗಂಡನ ಹೆಸರಿಗೆ ಇದ್ದುದರಿಂದ ಆಕೆ ನನಗೆ ‘ಯಮನಪ್ಪನ ಹೇಂತಿ’, ಅಷ್ಟೆ. ಅಟ್ಟೆ ಕತ್ತರಿಸುವುದು, ಹೊಲಿಯುವುದು ಗಂಡನ ಕೆಲಸ. ಪಾದದ ಮೇಲಿನ ಪಟ್ಟಿಗೆ ಕೂರಿಸುವ ಸಣ್ಣ ಜಡೆ, ಅವರ ಮಾತಿನಲ್ಲಿ ವೇಣಿ, ಆಕೆಯದು. ದಾರದಷ್ಟು ಸಣ್ಣಗೆ ಸೀಳಿದ ತೊಗಲಿನ ಎಳೆಗಳನ್ನು ಹೆಣೆದರೆ ಸಂದು ಹುಡುಕಲು ಕಣ್ಣು ಕಿರಿದು ಮಾಡಬೇಕಿತ್ತು. ಮೂರು ತಾಲೂಕಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಇದು ನನಗೆ ಗೊತ್ತಿತ್ತು.

ಒಂದು ದಿನ ಆಕೆ ತಂದ ಮಾಲು ನೋಡುವಾಗ ವೇಣಿಯ ಕೊನೆಯಲ್ಲಿ ಸಣ್ಣ ತಗ್ಗುಗಳು ಕಂಡವು. ಏನು ಇವು ಎಂದು ಕೇಳಿದೆ. ಹಲ್ಲಿನ ಗುರುತು ಎಂದಳು.

“ಬಾಯಾಗ ಹಿಡಿದು ಹೆಣಿತೀಯೇನು?” ಎಂದೆ.

“ಹೂಂ ಮತ್ತ, ಸಾಹೇಬ್ರ. ಎರಡ ಕೈ ಹೆಣಿಯಾಕ ಬೇಕು. ಹಿಡಿಯಾಕ ಮೂರನೇ ಕೈ ಎಲ್ಲಿಂದ ತರೂದು?”

ಇದು ಎಂಜಲ ಮಾಲು, ಪಾಸು ಮಾಡುವುದಿಲ್ಲ ಎಂದೆ. ಆಕೆ ಸಿಟ್ಟಾಗಲಿಲ್ಲ. ತನಗೆ ನಿಜವಾಗಿಯೂ ತಿಳಿಯದು ಎಂಬಂತೆ ಕೇಳಿದಳು: “ಕಾಲಾಗ ಹಾಕೂದಕ್ಕ ಎಂಜಲ ಎಲ್ಲೀದ್ರಿ? ಊಟಕ್ಕ ಬಡಸ್ತಾರೇನು ಇದನ್ನ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಮ್ಮ ಜವಾನನೂ ನಕ್ಕ. ಆ ನಗೆ ನನ್ನ ತಲೆಗೇರಿತು. ಅಂಗಳದ ನಳದ ಕೆಳಗೆ ಎಲ್ಲ ಜೋಡುಗಳನ್ನೂ ಇಟ್ಟು ತೊಳೆ ಎಂದೆ. ಹದ ಮಾಡಿದ ತೊಗಲಿಗೆ ಎಣ್ಣೆ ಕೂಡಿಸಿದ ಮೇಲೆ ನೀರು ಹತ್ತಿಸಿದರೆ ಸೆಟೆದು ಹೋಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆಕೆ ಒಂದು ಸಲ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಕುಕ್ಕರಗಾಲಿನಲ್ಲಿ ಕೂತು, ತಾನು ಹೆಣೆದದ್ದನ್ನು ಒಂದೊಂದಾಗಿ ತೊಳೆದಳು. ಈಗ ಯಾರೂ ನಗಲಿಲ್ಲ.

ಒಂದು ಜೋಡು ಮಾತ್ರ ನನ್ನ ಮೇಜಿನ ಮೇಲೆ ಕಾಗದದಡಿ ಉಳಿದುಬಿಟ್ಟಿತ್ತು. ಮುಂದೆ ದಿಲ್ಲಿಯ ಒಂದು ಪ್ರದರ್ಶನಕ್ಕೆ ಮಾಲು ಕಳಿಸುವಾಗ ಅದೂ ಹೋಯಿತು. ಆರು ತಿಂಗಳ ಮೇಲೆ ಇಟಲಿಯ ಫ್ಲಾರೆನ್ಸ್ ಊರಿನಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ಅಲ್ಲಿಯ ಒಬ್ಬ ತೊಗಲಿನ ಕೆಲಸಗಾರ ದಿಲ್ಲಿಯಲ್ಲಿ ಆ ಜೋಡನ್ನು ನೋಡಿ ಕೊಂಡು ಹೋಗಿದ್ದ. ಈ ಜಡೆ ಹೆಣೆದ ಕೈ ಯಾರದೋ ಅವರೇ ಬಂದು ನಮ್ಮ ಮನೆಯಲ್ಲಿ ಹತ್ತು ದಿನ ಇರಬೇಕು, ನಮ್ಮ ಕೆಲಸ ನೋಡಬೇಕು, ತಮ್ಮದು ತೋರಿಸಬೇಕು, ಹೋಗಿಬರುವ ಖರ್ಚು ಅಲ್ಲಿಯ ಕುಶಲಕರ್ಮಿಗಳು ಕೂಡಿ ಕೊಡುತ್ತಾರೆ ಎಂದು ಬರೆದಿತ್ತು.

ಸಂಘದಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಸಭೆಯಲ್ಲಿ ಪತ್ರ ಓದಿ ಅರ್ಥ ಹೇಳುವಾಗ ‘ಜಡೆ ಹೆಣೆದ ಕೈ’ ಎಂಬ ಕಡೆ ‘ಸಂಘದ ಒಬ್ಬ ಪ್ರತಿನಿಧಿ’ ಎಂದು ಹೇಳಿದೆ. ನಾಲಗೆ ತಡವರಿಸಲೂ ಇಲ್ಲ. ನನಗೆ ಹಾರ ಹಾಕಿದವರಲ್ಲಿ ಯಮನಪ್ಪನೂ ಒಬ್ಬ. ಅವನ ಹೆಂಡತಿ ಸೀಳಿ ಹದ ಮಾಡಿದ ಎಳೆಗಳ ಒಂದು ಗಂಟು ಕಳಿಸಿದ್ದಳು. ‘ಅಲ್ಲಿ ತೋರಸಾಕ ಬೇಕಾಗ್ತಾವಂತ್ರಿ’ ಎಂದು ಯಮನಪ್ಪ ಕೊಟ್ಟ.

ತೊಗಲಿನ ಊರು

ರೋಮಿನ ವಿಮಾನ ನಿಲ್ದಾಣದಲ್ಲಿ ನನ್ನ ಹೆಸರಿನ ಹಲಗೆ ಹಿಡಿದು ಬಿಳಿ ಬಟ್ಟೆಯ ಒಬ್ಬ ಸಿಸ್ಟರ್ ನಿಂತಿದ್ದಳು. “ಬರ್ರಿ, ಪ್ರಯಾಣ ಚಲೋ ಆತೇನ್ರಿ?” ಎಂದಾಗ ನನಗೆ ಕಾಲು ನೆಲಕ್ಕೆ ಹತ್ತಿದಂತಾಯಿತು. ಸಿಸ್ಟರ್ ಲಿಲ್ಲಿ ಕೇರಳದವಳು. ಧಾರವಾಡದ ದವಾಖಾನೆಯಲ್ಲಿ ನಾಲ್ಕು ವರ್ಷ ನರ್ಸಾಗಿದ್ದು ಅಲ್ಲಿಯ ಕನ್ನಡ ಕಲಿತಿದ್ದಳು. ಕರೆಸಿಕೊಂಡವರು ಗೊತ್ತು ಮಾಡಿದ್ದರಿಂದ ಹತ್ತು ದಿನ ಆಕೆಯೇ ನನ್ನ ಬಾಯಿ.

ಕರೆಸಿಕೊಂಡವನ ಹೆಸರು ಬ್ರೂನೋ. ಎಪ್ಪತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಬಲಗೈ ಹೆಬ್ಬೆರಳು ಹೊರಗೆ ಬಾಗಿತ್ತು, ಉಗುರಿನ ಸಂದಿಯ ಕಪ್ಪು ಹೋಗುವಂಥದ್ದಲ್ಲ. ಅಂಥ ಹೆಬ್ಬೆರಳು ಯಮನಪ್ಪನಿಗೂ ಇತ್ತು. ಬ್ರೂನೋನ ಹೆಂಡತಿ ಅಸುಂತಾ ಕುಳ್ಳಿ, ದಪ್ಪ ಕನ್ನಡಕ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಮೊದಲ ದಿನ ಬ್ರೂನೋ ತೊಗಲು ಆರಿಸಲು ಹೋಗುವಾಗ ನನ್ನನ್ನೂ ಕರೆದೊಯ್ದ. ಆರ್ನೊ ಎಂಬ ಹೊಳೆಯ ದಂಡೆಯಲ್ಲಿ ಒಂದು ಊರಿಗೆ ಊರೇ ತೊಗಲು ಹದ ಮಾಡುತ್ತದೆ. ಮನೆಯಷ್ಟು ಎತ್ತರದ ಕಟ್ಟಿಗೆಯ ಪೀಪಾಯಿಗಳು ಗರಗರ ತಿರುಗುತ್ತವೆ, ಒಳಗೆ ಚರ್ಮ ಮತ್ತು ಗಿಡದ ತೊಗಟೆಯ ರಸ. ನಮ್ಮ ಕಡೆ ಹಸಿ ಚರ್ಮವನ್ನು ಚೀಲದಂತೆ ಹೊಲಿದು, ಒಳಗೆ ಜಾಲಿ ಚಕ್ಕೆ, ಅಳಲೆಕಾಯಿಯ ನೀರು ತುಂಬಿ ಗಿಡಕ್ಕೆ ತೂಗು ಹಾಕುತ್ತಾರೆ, ಹನಿ ಹನಿ ಸೋರುತ್ತ ಅದು ಹದವಾಗುತ್ತದೆ. ಯಂತ್ರ ಬೇರೆಯಾದರೂ ವಾಸನೆ ಒಂದೇ. ನಾನು ಅಭ್ಯಾಸಬಲದಿಂದ ಕರ್ಚೀಫು ಮೂಗಿಗೆ ಹಿಡಿದೆ. ಬ್ರೂನೋ ನನ್ನನ್ನು ನೋಡಿ ಏನೋ ಅಂದ. “ತೊಗಲಿನವರು ಮೂಗು ಮುಚ್ಚೂದು ಇವತ್ತ ನೋಡಿದೆ ಅಂತಾರ,” ಎಂದಳು ಸಿಸ್ಟರ್. ಕರ್ಚೀಫು ಜೇಬಿಗೆ ಹಾಕಿದೆ.

ಅವನು ತೊಗಲು ಆರಿಸುವುದನ್ನು ನೋಡಬೇಕು. ಮಡಚಿ ಕಿವಿಯ ಹತ್ತಿರ ಹಿಡಿದು ಸಪ್ಪಳ ಕೇಳುತ್ತಾನೆ. ಹೊಟ್ಟೆಯ ಭಾಗ ಬೇಡವೆಂದು ಸರಿಸುತ್ತಾನೆ, ಬೆನ್ನಿನ ಭಾಗವನ್ನು ಅಂಗೈಯಿಂದ ಸವರುತ್ತಾನೆ. ಕೊನೆಗೆ ಅಂಚನ್ನು ನಾಲಗೆಗೆ ಮುಟ್ಟಿಸಿ ರುಚಿ ನೋಡುತ್ತಾನೆ. ನಾನು ಮುಖ ಆಚೆ ತಿರುಗಿಸಿದೆ.

ಇನ್ನು ರೊಟ್ಟಿಯ ಕಥೆ. ಅಲ್ಲಿಯ ಊಟದಲ್ಲಿ ಏನಿರುತ್ತದೋ ಎಂದು ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ, ಕಟ್ಟಿಸಿಕೊಂಡು ಹೋಗಿದ್ದೆ. ಮಧ್ಯಾಹ್ನ ಗಂಟು ಬಿಚ್ಚಿ ಬೆಂಚಿನ ಮೇಲೆ ಇಟ್ಟು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಅಲ್ಲಿಯ ಹಳೆಯ ಕೆಲಸಗಾರರು ನಾಲ್ಕು ಮಂದಿ ರೊಟ್ಟಿಯ ಸುತ್ತ ನಿಂತಿದ್ದರು. ನಾನು ತಂದ ತೊಗಲಿನ ಮಾದರಿ ಎಂದು ತಿಳಿದಿದ್ದರು. ಒಬ್ಬ ಬೆಳಕಿಗೆ ಹಿಡಿದು ಕಲೆ ನೋಡಿದ, ಇನ್ನೊಬ್ಬ ಉಗುರಿನಿಂದ ಕೆರೆದ, ಮೂರನೆಯವನು ಬಗ್ಗಿಸಲು ಹೋದ, ಅದು ಲಟಕ್ಕನೆ ಮುರಿಯಿತು. ಆತ ಬಹಳ ವ್ಯಸನದಿಂದ ತಲೆ ಅಲ್ಲಾಡಿಸಿ, ಬಿಸಿಲಿನಲ್ಲಿ ಒಣಗಿಸಿದ್ದೀರಿ, ಎಣ್ಣೆ ಸಾಲದು, ಎಂದ. ನಾನು ಆ ತುಂಡು ಎತ್ತಿ ಹಿಂಡಿ ಹಚ್ಚಿಕೊಂಡು ತಿಂದೆ. ನಾಲ್ವರೂ ಬಾಯಿ ತೆರೆದು ನಿಂತರು.

ಇಲ್ಲಿಗೆ ಮಂದಿ ನಗುತ್ತಾರೆ.

ಬ್ರೂನೋನ ಅಂಗಡಿ

ಫ್ಲಾರೆನ್ಸಿನಲ್ಲಿ ಹೊಳೆಯ ಆಚೆ ದಂಡೆಗೆ ಇಕ್ಕಟ್ಟಿನ ಓಣಿಗಳಿವೆ, ನಮ್ಮ ಕಂಬಾರ ಓಣಿಯ ಹಾಗೆ. ಬ್ರೂನೋನ ಅಜ್ಜ ಕೂತಿದ್ದ ಬೆಂಚು, ಅಪ್ಪ ಬಳಸಿದ ಬಾಕುಗಳು ಅಲ್ಲೇ ಇದ್ದವು. ಮಸೆದು ಮಸೆದು ಒಂದೊಂದು ಬಾಕು ಕಿರುಬೆರಳಷ್ಟು ತೆಳ್ಳಗಾಗಿತ್ತು. ತೊಗಲು ಸೀಳುವ ಅರ್ಧಚಂದ್ರದ ಕತ್ತಿ ಥೇಟ್ ನಮ್ಮವರ ರಂಪಿಗೆಯೇ. ನಮ್ಮವರು ನೆಲದ ಮೇಲೆ ಕೂತು ಕಾಲಿನ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯುವುದನ್ನು ಅವರು ಸ್ಟೂಲಿನ ಮೇಲೆ ಕೂತು ಮೊಣಕಾಲ ನಡುವೆ ಹಿಡಿಯುತ್ತಾರೆ. ಹೊಲಿಯುವುದಕ್ಕೆ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಎದುರುಬದುರು ಹಾಯುತ್ತವೆ. ಒಂದು ಕಡೆ ಹರಿದರೂ ಇನ್ನೊಂದು ಕಡೆ ಬಿಡುವುದಿಲ್ಲ.

ಎಡಗಡೆಯ ಅಂಗಡಿ ಐಸ್‌ಕ್ರೀಮಿನದಾಗಿತ್ತು, ಬಲಗಡೆಯದು ಬೀಗ ಹಾಕಿತ್ತು. ಪ್ರವಾಸಿಗರು ಬ್ರೂನೋ ನಾಲ್ಕು ದಿನ ಕೂತು ಮಾಡಿದ ಚೀಲವನ್ನು ಮೂಸಿ ನೋಡಿ, ಇಟ್ಟು, ದೊಡ್ಡ ರಸ್ತೆಯಲ್ಲಿ ಮಷೀನಿನದನ್ನು ಕೊಳ್ಳಲು ಹೋಗುತ್ತಿದ್ದರು. ಅವನು ಬೇಜಾರು ತೋರಿಸುತ್ತಿರಲಿಲ್ಲ. ಅವರು ಮುಟ್ಟಿ ಹೋದ ಜಾಗವನ್ನು ಬಟ್ಟೆಯಿಂದ ಒರೆಸಿ ಮತ್ತೆ ಅಲ್ಲೇ ತೂಗು ಹಾಕುತ್ತಿದ್ದ. ನಮ್ಮ ಸಂಘದ ಅಂಗಳದಲ್ಲಿ ಮಾಲು ಹಿಡಿದು ನಿಂತವರ ಮುಖಗಳನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ನೋಡಲು ಏಳು ಸಮುದ್ರ ದಾಟಬೇಕಾಯಿತು.

ನನಗೆ ಎಲ್ಲಕ್ಕಿಂತ ಕಣ್ಣಿಗೆ ಬಿದ್ದದ್ದು ಅವರ ಬಾಯಿ. ದಾರದ ತುದಿಯನ್ನು ನೆಕ್ಕಿ ಸೂಜಿಗೆ ಪೋಣಿಸುತ್ತಾರೆ. ಅಚ್ಚೊತ್ತುವ ಕಬ್ಬಿಣ ಎಷ್ಟು ಕಾದಿದೆ ಎಂದು ಉಗುಳು ಹಚ್ಚಿದ ಬೆರಳಿನಿಂದ ಮುಟ್ಟಿ, ಚುಂಯ್ ಎನ್ನುವ ಸಪ್ಪಳದಿಂದ ಅಳೆಯುತ್ತಾರೆ. ಉಸಿರು ತಾಗಿದರೆ ಹಾರುವ ಬಂಗಾರದ ರೇಕನ್ನು ಎತ್ತಬೇಕಾದರೆ ಕುಂಚವನ್ನು ಮೊದಲು ತಮ್ಮ ಕೆನ್ನೆಗೆ ಸವರಿಕೊಳ್ಳುತ್ತಾರೆ, ಮೈಯ ಜಿಡ್ಡಿಗೆ ರೇಕು ಅಂಟಲೆಂದು. ಬಂಗಾರವೇ ಎಂಜಲನ್ನು ಒಲ್ಲೆ ಅನ್ನಲಿಲ್ಲ.

ಅಂಗಡಿಗೆ ಹೋದ ದಿನವೇ ಬ್ರೂನೋ ದಿಲ್ಲಿಯಿಂದ ತಂದ ಜೋಡನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದು ತೆಗೆದು ಬೆಂಚಿನ ಮೇಲಿಟ್ಟ. ಸಿಸ್ಟರ್ ನನ್ನ ಕಡೆ ತಿರುಗಿದಳು. “ಇದನ್ನ ನೀವಾ ಹೆಣದೀರೇನು ಅಂತ ಕೇಳ್ತಾರ.”

ಇಲ್ಲ ಎನ್ನಲು ಒಂದು ಕ್ಷಣ ಇತ್ತು. “ಹೌದು ಅನ್ರಿ,” ಎಂದೆ.

ಬ್ರೂನೋ ನನ್ನ ಎರಡೂ ಕೈ ಹಿಡಿದು ಅಲುಗಿಸಿದ. ಆಮೇಲೆ ನಾನು ತಂದಿದ್ದ ಎಳೆಗಳ ಗಂಟು ಬಿಚ್ಚಿ, ಸ್ಟೂಲು ಎಳೆದು, ಕೂಡಿ ಎಂದು ಕೈ ಮಾಡಿದ. ಸೆಕ್ರೆಟರಿಯಾಗಿ ಅಷ್ಟು ವರ್ಷವಾದರೂ ನಾನು ಒಂದು ಎಳೆ ಹೆಣೆದವನಲ್ಲ. ಬಲಗೈ ಹಿಡಿದುಕೊಂಡು, ಪ್ರಯಾಣದಲ್ಲಿ ಮಣಿಕಟ್ಟು ಉಳುಕಿದೆ ಎಂದೆ. ಅಸುಂತಾ ಗಡಬಡಿಸಿ ಒಳಗೆ ಹೋದಳು. ಎಂಥದೋ ಎಣ್ಣೆ ತಂದು ತಿಕ್ಕಿ, ಬೆರಳ ಸಂದಿಯಿಂದ ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿದಳು. ಅಂದಿನಿಂದ ಗಟ್ಟಿಮುಟ್ಟಾದ ಕೈಗೆ ಪಟ್ಟಿ ಕಟ್ಟಿಕೊಂಡು ನಾನು ಫ್ಲಾರೆನ್ಸ್ ತಿರುಗಿದೆ. ಆಕೆ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಕಟ್ಟುತ್ತಿದ್ದಳು. ಬಾವು ಇಲ್ಲವಲ್ಲ ಎಂದು ಸಂತೋಷಪಡುತ್ತಿದ್ದಳು.

ರವಿವಾರದ ಊಟ

ರವಿವಾರ ಅಂಗಡಿ ಮುಚ್ಚಿ ಮೇಲಿನ ಮನೆಯಲ್ಲಿ ಊಟಕ್ಕೆ ಕೂಡಿಸಿದರು. ನಾನು ಮಾಂಸ ತಿನ್ನುವುದಿಲ್ಲವೆಂದು ಅವರೂ ಆ ದಿನ ತಿನ್ನಲಿಲ್ಲ. ಅವರೆಯಂಥ ಬಿಳಿ ಕಾಳಿನ ಪಲ್ಯ, ಬ್ರೆಡ್ಡು. ಅವರ ಬ್ರೆಡ್ಡಿನಲ್ಲಿ ಉಪ್ಪಿಲ್ಲ, ರೊಟ್ಟಿ ಉಂಡವರಿಗೆ ಅದೊಂದು ಹೊಂದುತ್ತದೆ.

ಪಟ್ಟಿ ಕಟ್ಟಿದ ಕೈಯಿಂದ ಮುರಿಯಲು ಬರಬಾರದಲ್ಲ, ನಾನು ಎಡಗೈಯಲ್ಲಿ ಒದ್ದಾಡುವುದನ್ನು ನೋಡಿ ಅಸುಂತಾ ಎದ್ದು ಬಂದಳು. ಬ್ರೆಡ್ಡು ಮುರಿದು, ಕಾಳಿನ ರಸದಲ್ಲಿ ಅದ್ದಿ, ಗಟ್ಟಿ ತುದಿ ಮೆತ್ತಗಾಯಿತೇ ಎಂದು ತಾನೊಂದಿಷ್ಟು ಕಚ್ಚಿ ನೋಡಿ, ಉಳಿದದ್ದನ್ನು ನನ್ನ ಬಾಯಿಗೆ ಹಿಡಿದಳು. ವಾರವೆಲ್ಲ ತೊಗಲಿನಲ್ಲಿ ಆಡಿದ ಬೆರಳು. ತಾನು ಕಚ್ಚಿದ ತುಣುಕು. ಮಕ್ಕಳಿಗೆ ಉಣಿಸುವ ಹೆಂಗಸಿನ ಮುಖ.

ನಾನು ತಿಂದೆ. ಏನೂ ಆಗಲಿಲ್ಲ. ಅಲ್ಲಿ ಗೂಟವಿರಲಿಲ್ಲ, ನೋಡುವ ನಮ್ಮ ಮಂದಿ ಇರಲಿಲ್ಲ. ಗಂಟಲಲ್ಲಿ ಇಳಿಯುವಾಗ ನಳದ ಕೆಳಗೆ ಕುಕ್ಕರಗಾಲಿನಲ್ಲಿ ಕೂತ ಒಂದು ಬೆನ್ನು ಕಂಡಿತು. ಅಸುಂತಾ, ತುತ್ತು ಸಿಕ್ಕಿತೇನೋ ಎಂದು ನೀರು ಕೊಟ್ಟಳು.

ಊಟವಾದ ಮೇಲೆ ಆಕೆ ಆ ಜೋಡನ್ನು ಕಿಟಕಿಯ ಬೆಳಕಿಗೆ ತಂದಳು. ಆಕೆಯೂ ಹೆಣೆಯುವವಳೇ, ಚೀಲದ ಹಿಡಿಕೆಗಳ ಜಡೆ ಆಕೆಯ ಪಾಲಿನ ಕೆಲಸ. ಭೂತಗನ್ನಡಿ ಹಿಡಿದು ವೇಣಿಯ ಕೊನೆಯನ್ನು ಬಹಳ ಹೊತ್ತು ನೋಡಿದಳು. ತಲೆಯೆತ್ತಿ ನನ್ನ ಬಾಯಿ ನೋಡಿದಳು. ಮತ್ತೆ ಜೋಡು. ಮತ್ತೆ ಬಾಯಿ. ನನ್ನ ಮುಂದಿನ ಹಲ್ಲುಗಳು ಅಗಲ, ನಡುವೆ ಸಂದು. ತೊಗಲಿನ ಮೇಲಿನ ಗುರುತುಗಳು ಸಣ್ಣವು, ಒತ್ತೊತ್ತಾಗಿದ್ದವು, ಅವುಗಳಲ್ಲಿ ಒಂದು ಮೂಲೆ ಮುರಿದ ಹಲ್ಲಿನದು.

ಆಕೆ ಮೆಲ್ಲಗೆ ಏನೋ ಕೇಳಿದಳು. ಸಿಸ್ಟರ್ ತಿರುಗಿಸಿ ಹೇಳುವ ಮೊದಲು ನೆಲ ನೋಡಿದಳು. “ಇವು ನಿಮ್ಮ ಹಲ್ಲಲ್ಲ ಅಂತಾರ್ರಿ. ಯಾರ ಬಾಯಿ ಇದು ಅಂತ ಕೇಳ್ತಾರ.”

ಒಬ್ಬ ಹೆಣ್ಣುಮಗಳದು, ನೆಲದ ಮೇಲೆ ಕೂತು ಬಾಯಲ್ಲಿ ಹಿಡಿದು ಹೆಣೆಯುತ್ತಾಳೆ ಎಂದೆ. ಪತ್ರ ಆಕೆಗೇ ಬಂದದ್ದು ಎಂದೂ ಹೇಳಿದೆ. ನಳದ ವಿಷಯ ಹೇಳಲಿಲ್ಲ. ಅದನ್ನು ಕನ್ನಡದಲ್ಲಿ ಹೇಳಲೇ ಬಾಯಿ ಬರಲಿಲ್ಲ.

ಬ್ರೂನೋ ಕಿಟಕಿಯ ಕಡೆ ಹೋಗಿ ನಿಂತ. ಅಸುಂತಾ ಬೈಯಲಿಲ್ಲ. ನನ್ನ ಪಕ್ಕ ಕೂತು, ಕೈ ಎಳೆದುಕೊಂಡು, ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿ, ಮಡಚಿ ಮೇಜಿನ ಮೇಲಿಟ್ಟಳು. ಬರಿಗೈ ನನಗೆ ಬೆತ್ತಲೆಯಾದಂತೆ ಕಂಡಿತು.

ಹೊರಡುವ ದಿನ

ಉಳಿದ ದಿನ ಅವರು ನನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಊಟ, ಹಾಸಿಗೆ ಎಲ್ಲ ಹಾಗೆಯೇ. ಆದರೆ ಬ್ರೂನೋ ಮತ್ತೆ ನನ್ನನ್ನು ಬೆಂಚಿಗೆ ಕರೆಯಲಿಲ್ಲ. ಎರಡು ದಿನ ಆತ ಒಂದು ಕಟ್ಟಿಗೆಯ ವಸ್ತುವನ್ನು ಹಿಡಿದು ಕೆಲಸ ಮಾಡುತ್ತ ಕೂತಿದ್ದ.

ಹೊರಡುವಾಗ ಅಸುಂತಾ ಅದನ್ನು ನನ್ನ ಕೈಯಲ್ಲಿಟ್ಟಳು. ಆಲಿವ್ ಗಿಡದ ಕಟ್ಟಿಗೆಯ ಎರಡು ದವಡೆ, ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಬಿಗಿಮಾಡಲು ಕಟ್ಟಿಗೆಯದೇ ತಿರುಪು. ಎಳೆಗಳಿಗೆ ಗಾಯವಾಗದಂತೆ ದವಡೆಯ ಒಳಗೆ ಮೆತ್ತನೆಯ ತೊಗಲು. ಕಪ್ಪಾಗಿ, ನುಣುಪಾಗಿ, ಮೂವತ್ತು ವರ್ಷದ ಕೈಯ ಗುರುತು ಹೊತ್ತಿತ್ತು. ಕೆಳಗಿನ ಹಿಡಿಕೆ ಮಾತ್ರ ಹೊಸದು, ಉದ್ದ. ಸಿಸ್ಟರ್ ಆಕೆಯ ಮಾತನ್ನು ತಿರುಗಿಸಿ ಹೇಳಿದಳು: “ನನ್ನ ಹಲ್ಲು ನಲವತ್ತಕ್ಕ ಹೋದುವು. ಆವಾಗ ಇವರು ಮಾಡಿ ಕೊಟ್ಟದ್ದು ಇದು. ಆಕಿಗೆ ಕೊಡ್ರಿ, ಆಕಿ ಹಲ್ಲರ ಉಳೀಲಿ ಅಂತಾರ. ನೆಲದ ಮ್ಯಾಲ ಕುಂತು ಮಾಡ್ತಾಳ ಅಂದಿದ್ರಿ, ಮೊಣಕಾಲ ನಡುವ ಹಿಡಿಯಾಕ ಬರ್ಲಿ ಅಂತ ಹಿಡಿಕಿ ಉದ್ದ ಮಾಡ್ಯಾರ.”

ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಹಿಡಿಕೆಗೆ ಬೆರಳಗಲದ ಒಂದು ತೊಗಲಿನ ಚೀಟಿ ಅಂಟಿಸಿದ್ದರು. ಬ್ರೂನೋ ಬಂಗಾರದ ರೇಕು ತೆಗೆದು, ಅಕ್ಷರದ ಅಚ್ಚುಗಳನ್ನು ಒಲೆಯ ಮೇಲೆ ಕಾಯಿಸಿ, ಕುಂಚವನ್ನು ಕೆನ್ನೆಗೆ ಸವರಿಕೊಂಡು ನನ್ನ ಕಡೆ ನೋಡಿದ. ಹೆಸರು ಕೇಳುತ್ತಿದ್ದಾರೆ ಎಂದು ಸಿಸ್ಟರ್ ಅಂದಳು.

ನನಗೆ ಆಕೆಯ ಹೆಸರು ಗೊತ್ತಿರಲಿಲ್ಲ.

ಎಂಟೊಂಬತ್ತು ವರ್ಷ ತಿಂಗಳಿಗೊಮ್ಮೆ ನನ್ನೆದುರು ನಿಂತು ಹೋದ ಹೆಂಗಸು. ಕೈ ಗೊತ್ತು, ಹಲ್ಲು ಗೊತ್ತು. ಕಬ್ಬಿಣ ತಣ್ಣಗಾಯಿತು. ಬ್ರೂನೋ ರೇಕನ್ನು ಮತ್ತೆ ಪುಸ್ತಕದ ಹಾಳೆಗಳ ನಡುವೆ ಇಟ್ಟ. ಸಿಸ್ಟರ್ ಲಿಲ್ಲಿ ನಿಲ್ದಾಣದವರೆಗೆ ಬಂದು, ಧಾರವಾಡದ ಮಾತು ಬಿಟ್ಟು ಇಂಗ್ಲಿಷಿನಲ್ಲಿ ಬೀಳ್ಕೊಟ್ಟಳು.

ಮತ್ತೆ ಬೈಲಹೊಂಗಲ

ಕೊಡಬೇಕೆಂದೇ ತಂದೆ. ಇದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ಕೊಡಬೇಕೆಂದರೆ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಹೇಳಬೇಕು. ಅದನ್ನು ಹೇಳಿದರೆ ಪತ್ರದ ಮಾತು ಬರುತ್ತದೆ. ಮುಂದಿನ ತಿಂಗಳು ಎಂದುಕೊಂಡೆ. ತಿಂಗಳುಗಳು ಬಂದು ಹೋದವು. ತೊಗಲು ಹಚ್ಚಿದ ವಸ್ತುವೆಂದು ಮನೆಗೆ ಒಯ್ಯುವಂತಿರಲಿಲ್ಲ, ಆಫೀಸಿನ ಮೇಜಿನ ಮೇಲೆ ಇಟ್ಟೆ. ಫ್ಯಾನಿನ ಗಾಳಿಗೆ ಪತ್ರಗಳು ಹಾರದಂತೆ ಅದರ ಬಾಯಿಗೆ ಸಿಗಿಸತೊಡಗಿದೆ. ಬಂದವರಿಗೆ ‘ಇಟಲೀದು’ ಎಂದು ತೋರಿಸುತ್ತಲೂ ಇದ್ದೆ.

ಯಮನಪ್ಪನ ಹೆಂಡತಿಯ ಹಲ್ಲು ಒಂದೊಂದಾಗಿ ಹೋಗುತ್ತಿದ್ದವು. ವೇಣಿ ಸಡಿಲಾಗುತ್ತ ಬಂತು. ಸಡಿಲಾದ ಮಾಲನ್ನು ನಾನು ವಾಪಸು ಮಾಡುತ್ತಿದ್ದೆ. ನಿಯಮದ ಪ್ರಕಾರ ಅದು ಸರಿ.

ಒಂದು ದಿನ ಮಾಲು ವಾಪಸಾದ ಮೇಲೂ ಆಕೆ ಹೋಗದೆ ಮೇಜಿನ ಹತ್ತಿರವೇ ನಿಂತಳು. ಕಣ್ಣು ಆ ವಸ್ತುವಿನ ಮೇಲಿತ್ತು. ಪತ್ರಗಳನ್ನು ಮೆಲ್ಲಗೆ ಸರಿಸಿ, ಕೈಗೆತ್ತಿಕೊಂಡು, ತಿರುಪು ತಿರುವಿದಳು. ದವಡೆಯ ನಡುವೆ ತನ್ನ ಕಿರುಬೆರಳು ಇಟ್ಟು ಬಿಗಿ ನೋಡಿದಳು.

“ಇದೇನ್ರಿ ಸಾಹೇಬ್ರ?”

“ಕಾಗದಾ ಹಿಡಿಯೂದು.”

ಆಕೆ ದವಡೆಯ ಒಳಗೆ ಬೆರಳಾಡಿಸಿದಳು. “ಕಾಗದಾ ಹಿಡಿಯಾಕ ಒಳಗ ತೊಗಲ ಯಾಕ ಹಚ್ಚ್ಯಾರ?”

ನನ್ನ ಬಳಿ ಉತ್ತರವಿತ್ತು. ಅದು ಇಟಲಿಯಿಂದ ಆಕೆಯ ಹೆಸರಿಲ್ಲದ ಹೆಸರಿಗೇ ಬಂದ ಉತ್ತರ. ನಾನು ಅಂದದ್ದು: “ಇಡು ಅದನ್ನ. ಮುಟ್ಟಬ್ಯಾಡ.”

ಇಟ್ಟಳು. ಇಟ್ಟು, ತಾನು ಮುಟ್ಟಿದ ಜಾಗವನ್ನು ಸೆರಗಿನ ತುದಿಯಿಂದ ಒರೆಸಿದಳು.

ಅದರ ನಂತರ ಆಕೆ ಸಂಘಕ್ಕೆ ಬರಲಿಲ್ಲ. ಹತ್ತಿ ಹೊಲದ ಕೂಲಿಗೆ ಹೋಗುತ್ತಾಳೆ ಎಂದು ಕೇಳಿದೆ. ನಾನು ನಿವೃತ್ತನಾಗುವಾಗ ಆ ವಸ್ತುವನ್ನು ಚೀಲದಲ್ಲಿ ಹಾಕಿಕೊಂಡು ಬಂದು ಹಿತ್ತಲ ಗೂಟಕ್ಕೆ ತೂಗು ಹಾಕಿದೆ.

ಸಿರಸಂಗಿಯ ಕಡೆ

ಎರಡು ವರ್ಷದ ಹಿಂದೆ, ಮನೆಯವಳು ತೀರಿಕೊಂಡ ಮೇಲೆ, ಒಂದು ಮುಂಜಾನೆ ಆ ಚೀಲ ತೆಗೆದುಕೊಂಡು ಸವದತ್ತಿ ಬಸ್ಸು ಹತ್ತಿದೆ. ಇಟಲಿಗೆ ಹೋಗುವಾಗ ಅಷ್ಟು ಹೆದರಿರಲಿಲ್ಲ.

ಯಮನಪ್ಪ ಮನೆಯ ಮುಂದೆ ಬಿಸಿಲಿಗೆ ಕೂತಿದ್ದ. ಗುರುತು ಹಿಡಿದು ಎದ್ದ, ಒಳಗಿನಿಂದ ಕುರ್ಚಿ ತರಲು ಹೋದ. ಬೇಡವೆಂದು ಅವನ ಪಕ್ಕ ಕಟ್ಟೆಯ ಮೇಲೆ ಕೂತೆ. ಹೆಂಡತಿ ಎಲ್ಲಿ ಎಂದು ಕೇಳಿದೆ. ಆಕೆ ಹೋಗಿ ಮೂರು ವರ್ಷವಾಯಿತು ಎಂದ. ಜ್ವರ ಬಂತು, ಹೋಯಿತು, ಮತ್ತೆ ಬಂತು.

ನಾನು ಚೀಲದಿಂದ ಅದನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ. ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅವನು ನನಗಿಂತ ಮೊದಲೇ ಅದನ್ನು ಎತ್ತಿಕೊಂಡು, “ಇದಾ ಏನ್ರಿ ಅದು?” ಎಂದ. ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ವಸ್ತು ತಂದು ಪಕ್ಕಕ್ಕಿಟ್ಟ. ಜಾಲಿ ಕಟ್ಟಿಗೆಯ ಎರಡು ದವಡೆ. ಒಳಗೆ ತೊಗಲು ಹಚ್ಚಿತ್ತು. ತಿರುಪಿನ ಜಾಗದಲ್ಲಿ ಹಗ್ಗ ಸುತ್ತಿತ್ತು.

“ಆಫೀಸಿನ್ಯಾಗ ಕಟಿಗಿ ಹಲ್ಲ ಐತಿ, ಯಾರೋ ನಮ್ಮಂಥವರಾ ಮಾಡಿದ್ದು, ನನಗೂ ಒಂದ ಮಾಡಿ ಕೊಡು ಅಂದ್ಲರಿ. ಆಕಿ ಹೇಳಿಧಂಗ ಕೆತ್ತಿದೆ. ತಿರುಪು ಹೆಂಗ ಕೂಡಸ್ಯಾರ ಅಂತ ಆಕಿಗೆ ನೆನಪ ಉಳೀಲಿಲ್ಲ. ಒಮ್ಮೆ ನೋಡಿದ್ದಲ್ಲರಿ. ಹಗ್ಗಾ ಸುತ್ತಿದ್ವಿ, ಜಾರತಿತ್ತು.” ಅವನು ನಾನು ತಂದದ್ದರ ತಿರುಪನ್ನು ತಿರುವಿ, ಬಿಚ್ಚಿ, ತಿರುವಿ ನೋಡಿದ. “ಇನ್ನೊಮ್ಮೆ ಹೋಗಿ ನೋಡಿ ಬಾ ಅಂದೆ. ಸಾಹೇಬ್ರು ಮುಟ್ಟಬ್ಯಾಡ ಅಂದಾರ ಅಂದ್ಲು. ಹೋಗಲಿಲ್ಲ.”

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ. ಪತ್ರದ ಮಾತು, ಅಸುಂತಾಳ ಮಾತು ಎರಡನ್ನೂ ಹೇಗೋ ಹೇಳಿ ಮುಗಿಸಿದೆ. ಅವನು ಕೇಳಿಸಿಕೊಂಡ. ಕಟ್ಟಿಗೆಯ ಹಲ್ಲನ್ನು ಕೆಳಗಿಟ್ಟು, “ಆಕಿ ವಿಮಾನದಾಗ ಕೂಡತಿದ್ಲೇನು,” ಎಂದ. ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ.

ನೀರು ಕೇಳಿ ಕುಡಿದೆ. ಇದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ಯಾರೂ ನೋಡದ ಪರದೇಶದಲ್ಲಿ ಎಂಜಲು ತಿಂದು ಬಂದವನು ಇಲ್ಲಿ ಒಂದು ತಂಬಿಗೆ ನೀರು ಕುಡಿಯಲು ಅಷ್ಟು ವರ್ಷ ತೆಗೆದುಕೊಂಡ, ಅಷ್ಟೆ.

ಏಳುವಾಗ ಆಕೆಯ ಹೆಸರು ಕೇಳಿದೆ. ಯಮನಪ್ಪ ನನ್ನನ್ನು ಮೊದಲ ಸಲ ನೇರವಾಗಿ ನೋಡಿದ. “ಈಗ ಹೆಸರ ತಗೊಂಡು ಏನ್ ಮಾಡ್ತೀರಿ ಸಾಹೇಬ್ರ?” ಎಂದ. ಆದರೂ, ಹೆಂಡತಿಯ ಹೆಸರು ಹೇಳುವ ರೂಢಿ ಇಲ್ಲದವನು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಹೇಳಿದ.

ಮರದ ಹಲ್ಲನ್ನು ಅಲ್ಲೇ, ಜಾಲಿ ಕಟ್ಟಿಗೆಯದರ ಪಕ್ಕ, ಬಿಟ್ಟು ಬಂದೆ. ಅದರ ಹಿಡಿಕೆಯ ತೊಗಲಿನ ಚೀಟಿ ಇನ್ನೂ ಖಾಲಿ ಇದೆ. ಬಂಗಾರದಲ್ಲಿ ಬರೆಯುವ ಕೈ ನನಗಿಲ್ಲ. ನಳದ ಕೆಳಗೆ ತೊಳೆಸಿದ್ದಕ್ಕೆ, ಪತ್ರದ ಮಾತು ಮುಚ್ಚಿಟ್ಟದ್ದಕ್ಕೆ, ಮುಟ್ಟಬೇಡ ಅಂದದ್ದಕ್ಕೆ ನಾನು ಆಕೆಯ ಕ್ಷಮೆ ಕೇಳಲಿಲ್ಲ, ಕೇಳುವ ವೇಳೆ ಇದ್ದಾಗ ಕೇಳಲಿಲ್ಲ. ಬೈಲಹೊಂಗಲದವರು ಇನ್ನು ಮುಂದೆ ರೊಟ್ಟಿಯ ಕಥೆ ಕೇಳಿದರೆ ಈ ಹೆಸರನ್ನೂ ಕೇಳಿಕೊಂಡು ಹೋಗಬೇಕು.

ಫಕೀರವ್ವ.